ಅಪಘಾತದ ನಂತರ: ಪರಿಹಾರದ ಕಾನೂನು ನಡೆದುಬಂದ ದಾರಿ

ಬೆಂಗಳೂರಿನಿಂದ ಹೊರಟು ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಹೊನ್ನಾವರ ಸೇರುವ ಬಿ.ಎಚ್. ರಸ್ತೆ ತೆಂಗಿನ ಸೀಮೆಯ ಜೀವನಾಡಿ. ಸುತ್ತಲಿನ ಹಳ್ಳಿಗಳ ಉಂಡೆ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಬರುವುದೂ, ಅಲ್ಲಿಂದ ದೂರದ ಊರುಗಳಿಗೆ ಹೋಗುವುದೂ ಇದೇ ರಸ್ತೆಯ ಮೇಲೆ.

2016ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನ ತಮ್ಮ ಊರಿನಿಂದ ಬೈಕಿನಲ್ಲಿ ಬೆಂಗಳೂರಿಗೆ ಹೊರಟಿದ್ದ ಹರೀಶ್ ಎಂಬ ಯುವಕ ನೆಲಮಂಗಲದ ಬಳಿ ಲಾರಿಗೆ ಸಿಲುಕಿದರು. ಪ್ರಾಣ ಹೋಗುವ ಹೊತ್ತಿನಲ್ಲೂ ತಮ್ಮ ಅಂಗಗಳನ್ನು ದಾನ ಮಾಡುವಂತೆ ಅವರು ಕೇಳಿಕೊಂಡರು. ಅವರ ಕಣ್ಣುಗಳು ದಾನವಾದವು. ಮರುತಿಂಗಳು ರಾಜ್ಯ ಸರ್ಕಾರ ಆರಂಭಿಸಿದ ಯೋಜನೆಗೆ ಅವರ ಹೆಸರನ್ನೇ ಇಡಲಾಯಿತು. ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ಯಡಿ ಗಾಯಾಳುವಿನ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗಿನ ವೆಚ್ಚವನ್ನು ಸರ್ಕಾರವೇ ಭರಿಸುವುದೆಂದು ಘೋಷಿಸಲಾಯಿತು.

ಚಿಕಿತ್ಸೆಯ ಮಾತು ಹೀಗಾದರೆ, ದುಡಿಯುವ ಕೈಯನ್ನೇ ಕಳೆದುಕೊಂಡ ಮನೆಯ ಗತಿಯೇನು? ಈ ಪ್ರಶ್ನೆಗೆ ಕಾನೂನು ಉತ್ತರ ಹುಡುಕುತ್ತ ಬಂದ ಇತಿಹಾಸ ಎರಡು ಶತಮಾನಗಳಷ್ಟು ಹಳೆಯದು.

ಸಾವಿಗೆ ಬೆಲೆಯಿಲ್ಲದ ಕಾಲ

1808ರಲ್ಲಿ ಇಂಗ್ಲೆಂಡಿನಲ್ಲಿ ಕುದುರೆಗಾಡಿ ಉರುಳಿ ಪತ್ನಿಯನ್ನು ಕಳೆದುಕೊಂಡ ವ್ಯಕ್ತಿಯೊಬ್ಬ ನ್ಯಾಯಾಲಯದ ಮೆಟ್ಟಿಲೇರಿದ. ಮನುಷ್ಯನೊಬ್ಬನ ಸಾವಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಕೇಳಲಾಗದು ಎಂಬ ಉತ್ತರ ಬಂತು. ಗಾಯಗೊಳಿಸಿದವನು ಹಣ ತೆರಬೇಕು, ಕೊಂದವನು ತೆರಬೇಕಿಲ್ಲ ಎಂಬ ವಿಚಿತ್ರ ಸ್ಥಿತಿ ಅದು. ರೈಲುಗಳು ಬಂದು ಸಾವುಗಳು ಹೆಚ್ಚಿದ ಮೇಲೆ, 1846ರಲ್ಲಿ ಲಾರ್ಡ್ ಕ್ಯಾಂಬೆಲ್ ಹೆಸರಿನಿಂದ ಪ್ರಸಿದ್ಧವಾದ ಕಾಯ್ದೆ ಈ ಕೊರತೆಯನ್ನು ನೀಗಿಸಿತು. 1855ರಲ್ಲಿ ಅದರ ಮಾದರಿಯಲ್ಲೇ ಭಾರತಕ್ಕೂ ಮಾರಣಾಂತಿಕ ಅಪಘಾತಗಳ ಕಾಯ್ದೆ ಬಂತು. ಮೃತನ ಪತಿ ಅಥವಾ ಪತ್ನಿ, ತಂದೆ-ತಾಯಿ ಹಾಗೂ ಮಕ್ಕಳಿಗೆ ನಷ್ಟ ಕೇಳುವ ಹಕ್ಕು ದೊರೆಯಿತು.

ಆದರೆ ಹಕ್ಕಿದ್ದರೂ ಹಣ ಕೈಗೆ ಬರುವುದು ಕಷ್ಟವಿತ್ತು. ಲಾರಿಯ ಮಾಲೀಕ ದಿವಾಳಿಯಾಗಿದ್ದರೆ ತೀರ್ಪು ಬರೀ ಕಾಗದ. ಇದಕ್ಕೆ 1939ರ ಮೋಟಾರು ವಾಹನ ಕಾಯ್ದೆ ಪರಿಹಾರ ಕಂಡುಕೊಂಡಿತು. ಮೂರನೆಯ ವ್ಯಕ್ತಿಗಾಗುವ ಹಾನಿಗೆ ವಾಹನಕ್ಕೆ ವಿಮೆ ಕಡ್ಡಾಯವೆಂಬ ಅದರ ನಿಯಮ 1946ರ ಜುಲೈ 1ರಂದು ಜಾರಿಗೆ ಬಂತು. ಮೈಸೂರು ಸಂಸ್ಥಾನಕ್ಕೆ ಸೇರಿದ್ದ ತಿಪಟೂರಿಗೆ ಈ ಕಾಯ್ದೆ ತಲುಪಿದ್ದು 1951ರಲ್ಲಿ, ಕೇಂದ್ರದ ಕಾನೂನುಗಳನ್ನು ಹಿಂದಿನ ಸಂಸ್ಥಾನಗಳಿಗೆ ವಿಸ್ತರಿಸಿದಾಗ. 1956ರ ತಿದ್ದುಪಡಿಯಿಂದ ಅಪಘಾತ ಪರಿಹಾರಕ್ಕೆಂದೇ ನ್ಯಾಯಮಂಡಳಿಗಳು ಹುಟ್ಟಿದವು. ಇಂದು ತಿಪಟೂರಿನ ಹಿರಿಯ ಸಿವಿಲ್ ನ್ಯಾಯಾಲಯವೂ ಇಂಥ ನ್ಯಾಯಮಂಡಳಿಯಾಗಿ ಕೆಲಸ ಮಾಡುತ್ತದೆ. ವಕೀಲರ ಬಾಯಲ್ಲಿ ‘ಎಂ.ವಿ.ಸಿ.’ ಎಂದು ಕರೆಸಿಕೊಳ್ಳುವ ಪ್ರಕರಣಗಳು ಇವೇ.

ತಪ್ಪು ಯಾರದೆಂದು ತೋರಿಸದೆಯೂ ಒಂದಿಷ್ಟು ಹಣ ಸಿಗಬೇಕೆಂಬ ತತ್ತ್ವ ಬಂದದ್ದು 1982ರಲ್ಲಿ. ಆಗ ಸಾವಿಗೆ 15,000 ರೂ., ಶಾಶ್ವತ ಅಂಗವೈಕಲ್ಯಕ್ಕೆ 7,500 ರೂ. ನಿಗದಿಯಾಗಿತ್ತು. 1988ರ ಹೊಸ ಕಾಯ್ದೆ ಹಾಗೂ 1994ರ ತಿದ್ದುಪಡಿ ಈ ಮೊತ್ತಗಳನ್ನು ಏರಿಸಿದವು. 2022ರ ಏಪ್ರಿಲ್ 1ರಿಂದ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂ. ನೀಡುವ ವ್ಯವಸ್ಥೆ ಜಾರಿಯಲ್ಲಿದೆ. ಗುದ್ದಿ ಪರಾರಿಯಾದ ವಾಹನದ ಗುರುತು ಸಿಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ದೊರೆಯುತ್ತದೆ.

ಕೊಬ್ಬರಿ ಚೀಲದ ಮೇಲೆ ಕುಳಿತವರು

ತೆಂಗಿನ ಸೀಮೆಯವರು ವಿಶೇಷವಾಗಿ ತಿಳಿಯಬೇಕಾದ ಅಂಶವೊಂದಿದೆ. ಕೊಬ್ಬರಿ ತುಂಬಿದ ಲಾರಿಯಲ್ಲಿ ಮಾಲಿನ ಒಡೆಯನೂ ಮಾರುಕಟ್ಟೆಗೆ ಹೊರಡುವುದು ವಾಡಿಕೆ. 1994ರ ತಿದ್ದುಪಡಿಯಿಂದಾಗಿ ಸರಕಿನ ಮಾಲೀಕ ಅಥವಾ ಆತನ ಅಧಿಕೃತ ಪ್ರತಿನಿಧಿ ಸರಕು ವಾಹನದಲ್ಲಿದ್ದರೆ ಆತನಿಗೂ ಕಡ್ಡಾಯ ವಿಮೆಯ ರಕ್ಷಣೆ ಉಂಟು. ವಾಹನದ ಮಾಲೀಕನೇ ನೇಮಿಸಿದ ಚಾಲಕ, ಹಮಾಲಿಗಳಿಗೆ ಕಾರ್ಮಿಕರ ಪರಿಹಾರದ ಕಾನೂನಿನಡಿ ರಕ್ಷಣೆ ಇದೆ. ಆದರೆ ಅದೇ ಲಾರಿಗೆ ದಾರಿಯಲ್ಲಿ ಕೈ ತೋರಿಸಿ ಹತ್ತಿಕೊಂಡವನ ವಿಷಯ ಬೇರೆ. ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಸಿದವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಅಂಥವರ ಕುಟುಂಬ ವಾಹನದ ಮಾಲೀಕನಿಂದಲೇ ಹಣ ವಸೂಲು ಮಾಡಬೇಕು. ಆತನ ಬಳಿ ಏನೂ ಇಲ್ಲದಿದ್ದರೆ 1939ಕ್ಕೆ ಹಿಂದಿನ ಸ್ಥಿತಿಯೇ ಮರಳುತ್ತದೆ. ಒಂದೇ ಅಪಘಾತ, ಒಂದೇ ಲಾರಿ. ಯಾರು ಯಾವ ಹಕ್ಕಿನಿಂದ ಕುಳಿತಿದ್ದರು ಎಂಬುದರ ಮೇಲೆ ಮನೆಗಳ ಭವಿಷ್ಯ ನಿಂತಿರುತ್ತದೆ.

ಲೆಕ್ಕದ ಬಗೆ

ಪರಿಹಾರದ ಲೆಕ್ಕಕ್ಕೆ 2009ರ ಸುಪ್ರೀಂ ಕೋರ್ಟ್ ತೀರ್ಪು ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿ ನೀಡಿತು. 2017ರಲ್ಲಿ ಸಂವಿಧಾನ ಪೀಠ ಅದನ್ನು ಒಪ್ಪಿ, ಮುಂದೆ ಹೆಚ್ಚಬಹುದಾಗಿದ್ದ ಆದಾಯವನ್ನೂ ಸೇರಿಸಿತು. ತಿಂಗಳಿಗೆ 12,000 ರೂ. ದುಡಿಯುತ್ತಿದ್ದ 38 ವರ್ಷದ ಸ್ವಂತ ಕಸುಬಿನವನಿಗೆ ನಾಲ್ವರು ಅವಲಂಬಿತರಿದ್ದಾರೆ ಎನ್ನಿ. ಆದಾಯಕ್ಕೆ ಶೇ 40 ಸೇರಿಸಿದರೆ 16,800 ರೂ. ಆತನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ ಉಳಿಯುವುದು 12,600. ವರ್ಷಕ್ಕೆ 1,51,200. ಆ ವಯಸ್ಸಿನ ಗುಣಕ 15ರಿಂದ ಗುಣಿಸಿದರೆ 22,68,000 ರೂ. ಆದಾಯದ ದಾಖಲೆ ಇಲ್ಲದ ಕೂಲಿಕಾರನಿಗೂ ನ್ಯಾಯಾಲಯ ಅಂದಾಜು ಆದಾಯ ಹಿಡಿಯುತ್ತದೆ. ಆದರೆ ಮಂಡಿಯ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಹಣಿ ಇದ್ದರೆ ವಾದಕ್ಕೆ ಬಲ ಬರುತ್ತದೆ.

ಮೊದಲು ಮಾಡಬೇಕಾದದ್ದು

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದೇ ಮೊದಲ ಕರ್ತವ್ಯ. ನೆರವಾದವರು ಪೊಲೀಸರಿಗೆ ಹೆದರಬೇಕಿಲ್ಲ. ಅವರನ್ನು ಸಾಕ್ಷಿಯಾಗುವಂತೆ ಬಲವಂತಪಡಿಸದಿರಲು ಕಾನೂನಿನ ರಕ್ಷಣೆಯಿದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ ಏಳು ದಿನಗಳವರೆಗೆ 1.5 ಲಕ್ಷ ರೂ.ವರೆಗಿನ ಚಿಕಿತ್ಸೆ ನಗದಿಲ್ಲದೆ ದೊರೆಯಬೇಕು. ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ ಎಫ್.ಐ.ಆರ್. ಪ್ರತಿ ಪಡೆಯಬೇಕು. ಆಸ್ಪತ್ರೆಯಲ್ಲಿ ‘ಬಿದ್ದು ಗಾಯ’ ಎಂದು ಬರೆಸದೆ, ವಾಹನ ಅಪಘಾತವೆಂದೇ ಹೇಳಬೇಕು. ಎಷ್ಟೋ ಅರ್ಜಿಗಳು ಸೊರಗುವುದು ಈ ಒಂದು ಸಾಲಿನಿಂದ. ಮಹಜರು, ಗಾಯದ ಪ್ರಮಾಣಪತ್ರ, ಮರಣೋತ್ತರ ಪರೀಕ್ಷಾ ವರದಿ, ವಾಹನದ ವಿಮೆಯ ವಿವರ, ಔಷಧಿಯ ಬಿಲ್ಲುಗಳನ್ನು ಜೋಪಾನ ಮಾಡಬೇಕು. 2022ರ ನಿಯಮಗಳಂತೆ ಪೊಲೀಸರು 48 ಗಂಟೆಗಳಲ್ಲಿ ಮೊದಲ ವರದಿಯನ್ನೂ, 90 ದಿನಗಳಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅರ್ಜಿಯನ್ನು ಅಪಘಾತ ನಡೆದ ಊರಿನಲ್ಲೇ ಹಾಕಬೇಕೆಂದಿಲ್ಲ. ತಾವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು.

1994ರಲ್ಲಿ ರದ್ದಾಗಿದ್ದ ಆರು ತಿಂಗಳ ಗಡುವು 2022ರಲ್ಲಿ ಮತ್ತೆ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಆಯಿತು. ಆದರೂ ಅದನ್ನೇ ನಂಬಿ ಕೂರುವುದು ಜಾಣತನವಲ್ಲ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲು ವರ್ಷದ ತಾಳ್ಮೆ ಬೇಕು. ಅಪಘಾತದ ಕಾಗದಪತ್ರಗಳಿಗೆ ಅಷ್ಟು ಸಾವಧಾನ ಸಲ್ಲದು.