ಮೊದಲ ಕುಟುಂಬ ಭಾವಚಿತ್ರ: ಯಾವ ಫಿಲ್ಮ್, ಎಷ್ಟು ದರ?

ಡಿಜಿಟಲ್ ಕ್ಯಾಮೆರಾ ಎಲ್ಲರ ಕೈಗೆ ಬಂದ ಮೇಲೂ ಫಿಲ್ಮ್‌ನಲ್ಲಿಯೇ ಮನೆಮಂದಿಯ ಚಿತ್ರ ತೆಗೆಸಬೇಕೆಂದು ಬಯಸುವವರು ಇದ್ದಾರೆ. ಹವ್ಯಾಸಕ್ಕಾಗಿ ಹಳೆಯ ಕ್ಯಾಮೆರಾ ಹಿಡಿದ ಯುವಕ ಯುವತಿಯರಿಗೆ ಇಂತಹ ಮೊದಲ ಕರೆ ಸಾಮಾನ್ಯವಾಗಿ ಪರಿಚಿತರ ಮನೆಯಿಂದಲೇ ಬರುತ್ತದೆ. ಆಗ ಯಾವ ಫಿಲ್ಮ್ ಬಳಸಬೇಕು, ಎಷ್ಟು ಹಣ ಕೇಳಬೇಕು ಎಂಬ ಎರಡು ಪ್ರಶ್ನೆಗಳು ಏಳುತ್ತವೆ. ಮೊದಲನೆಯದಕ್ಕೆ ಉತ್ತರ ಸಿಗದೆ ಎರಡನೆಯದಕ್ಕೆ ಉತ್ತರವಿಲ್ಲ.

ಬಣ್ಣದ ನೆಗೆಟಿವ್‌ಗಳ ಪೈಕಿ ಭಾವಚಿತ್ರಕ್ಕೆಂದೇ ರೂಪುಗೊಂಡು ಹೆಸರಾದದ್ದು ಕೊಡಾಕ್ ಪೋರ್ಟ್ರಾ. 1998ರಲ್ಲಿ ಬಂದ ಈ ಸರಣಿಯ 400 ವೇಗದ ಫಿಲ್ಮ್ 2010ರಲ್ಲಿಯೂ, 160 ವೇಗದ್ದು 2011ರಲ್ಲಿಯೂ ಹೊಸ ರೂಪ ಪಡೆದವು. ಇದಕ್ಕೆ ಸಾಟಿಯಾಗಿದ್ದ ಪ್ರೊ 400ಎಚ್ ಫಿಲ್ಮ್ ತಯಾರಿಕೆ ನಿಂತಿರುವುದನ್ನು ಫ್ಯೂಜಿಫಿಲ್ಮ್ 2021ರಲ್ಲಿ ಪ್ರಕಟಿಸಿತು. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನಲ್ಲಿ ಕಪ್ಪು ಬಿಳುಪು ಫಿಲ್ಮ್ ಒದಗಿಸುತ್ತಿದ್ದ ಕಾಲವೂ ಮುಗಿದಿದೆ. ಆಮದಾದ ರೀಲಿಗೆ ಆಮದಿನ ಬೆಲೆಯನ್ನೇ ತೆರಬೇಕು.

ಮೊದಲ ಕೆಲಸಕ್ಕೆ 160ಕ್ಕಿಂತ 400 ವೇಗವೇ ಸುರಕ್ಷಿತ. ಬೆಳಗಿನ ಹೊತ್ತು ಜಗುಲಿಯ ತೆರೆದ ನೆರಳಿನಲ್ಲಿ 400 ವೇಗದ ಫಿಲ್ಮ್‌ಗೆ ಸುಮಾರು ಎಫ್ 8 ಅಪರ್ಚರ್, 1/250 ಸೆಕೆಂಡು ಷಟರ್ ದೊರೆಯುತ್ತದೆ. ಮುಂದೆ ಕುಳಿತ ಅಜ್ಜಿ, ಹಿಂದೆ ನಿಂತ ಮೊಮ್ಮಕ್ಕಳು ಇಬ್ಬರೂ ಸ್ಪಷ್ಟವಾಗಿ ಮೂಡಲು ಅಷ್ಟು ಕಿರಿದಾದ ಅಪರ್ಚರ್ ಬೇಕು. ತೊಡೆಯ ಮೇಲಿನ ಮಗು ಅಲುಗಿದರೂ ಕೆಡದಿರಲು ಅಷ್ಟು ವೇಗದ ಷಟರ್ ಬೇಕು. 160ರಲ್ಲಿ ಎರಡರಲ್ಲೊಂದನ್ನು ಬಿಟ್ಟುಕೊಡಬೇಕಾಗುತ್ತದೆ. ಬಣ್ಣದ ನೆಗೆಟಿವ್ ಹೆಚ್ಚು ಬೆಳಕನ್ನು ಸಹಿಸುತ್ತದೆ, ಕಡಿಮೆ ಬೆಳಕನ್ನು ಸಹಿಸದು. ಆದ್ದರಿಂದಲೇ ಅನೇಕರು 400ರ ಫಿಲ್ಮ್ ಹಾಕಿ ಮೀಟರನ್ನು 200ಕ್ಕೆ ಇಡುತ್ತಾರೆ. ಬಿಳಿ ಪಂಚೆ, ಕಡುಬಣ್ಣದ ರೇಷ್ಮೆ ಸೀರೆ ಒಂದೇ ಚೌಕಟ್ಟಿನಲ್ಲಿರುವ ನಮ್ಮ ಮನೆಗಳ ಚಿತ್ರಗಳಿಗೆ ಈ ರೂಢಿ ಚೆನ್ನಾಗಿಯೇ ಒಗ್ಗುತ್ತದೆ. ಒಳಮನೆಯ ಹಳದಿ ಬಲ್ಬಿನ ಕೆಳಗೆ ಮಾತ್ರ ಹಗಲು ಬೆಳಕಿನ ಫಿಲ್ಮ್ ಕಿತ್ತಳೆ ಛಾಯೆ ಕೊಡುತ್ತದೆ; ಅಲ್ಲಿಗೆ ಇಲ್ಫರ್ಡ್ ಎಚ್‌ಪಿ5 ಪ್ಲಸ್‌ನಂತಹ ಕಪ್ಪು ಬಿಳುಪು ರೀಲು ಲೇಸು. ಅವಧಿ ಮೀರಿದ ಅಗ್ಗದ ರೀಲು ಸ್ವಂತ ಪ್ರಯೋಗಕ್ಕಿರಲಿ.

35 ಮಿ.ಮೀ. ರೀಲಿನಲ್ಲಿ 36 ಚಿತ್ರ. 120 ಅಳತೆಯ ರೀಲಿನಲ್ಲಿ 6x6 ಕ್ಯಾಮೆರಾಕ್ಕೆ ಕೇವಲ 12, 6x7ಕ್ಕೆ 10. ನೆಗೆಟಿವ್‌ನ ವಿಸ್ತೀರ್ಣ 6x6ರಲ್ಲಿ ಮೂರೂವರೆ ಪಟ್ಟು ಹೆಚ್ಚಿರುವುದು ನಿಜ. ಆದರೆ ಮನೆಯವರಿಗೆ ಬೇಕಾಗಿರುವುದು ಗೋಡೆಗೆ ತೂಗುವ ದೊಡ್ಡ ಪ್ರಿಂಟೋ, ಆಲ್ಬಮ್ಮಿಗೆ ಸೇರುವ ಚಿತ್ರಗಳೋ ಎಂದು ಮೊದಲೇ ಕೇಳಿಕೊಳ್ಳದೆ ಈ ವೆಚ್ಚಕ್ಕೆ ಇಳಿಯುವುದು ವ್ಯರ್ಥ.

ಇನ್ನು ದರ. ರೀಲು, ಅದನ್ನು ತೊಳೆಸುವುದು, ಸ್ಕ್ಯಾನ್ ಸೇರಿ ಒಂದಕ್ಕೆ 2,500 ರೂಪಾಯಿ ತಗಲುತ್ತದೆ ಎಂದು ಭಾವಿಸೋಣ. ಮೂರು ರೀಲಿಗೆ 7,500. ಪ್ರಯಾಣ, ಲ್ಯಾಬಿಗೆ ಕೊರಿಯರ್, ಪ್ರಿಂಟುಗಳಿಗೆ 1,500. ಕೈಯಿಂದ ಹೋಗುವುದೇ 9,000. ಚಿತ್ರ ತೆಗೆಯುವುದು ಎರಡು ಗಂಟೆಯ ಕೆಲಸವಾದರೂ ಸ್ಥಳ ನೋಡುವುದು, ಸ್ಕ್ಯಾನಿನ ಧೂಳು ತೆಗೆಯುವುದು, ಆಯ್ಕೆ ಇವೆಲ್ಲ ಸೇರಿ 12 ಗಂಟೆ ಹಿಡಿಯುತ್ತದೆ. ಗಂಟೆಗೆ 400 ರೂಪಾಯಿಯಂತೆ 4,800. ಒಟ್ಟು 13,800. "ನಮ್ಮವರೇ ಅಲ್ಲವೇ" ಎಂದು 5,000 ಪಡೆದರೆ ಛಾಯಾಗ್ರಾಹಕ ಕೂಲಿ ಕಳೆದುಕೊಳ್ಳುವುದಷ್ಟೇ ಅಲ್ಲ, ಜೇಬಿನಿಂದ 4,000 ಕೊಟ್ಟಂತಾಗುತ್ತದೆ. ರಿಯಾಯಿತಿ ಕೊಡುವುದಾದರೆ ಕೂಲಿಯಲ್ಲಿ ಕೊಡಬಹುದು, ಸಾಮಗ್ರಿಯ ವೆಚ್ಚದಲ್ಲಲ್ಲ. ಫಿಲ್ಮ್ ಖರೀದಿಗೆ ಮುನ್ನ ಆ ವೆಚ್ಚವನ್ನಾದರೂ ಮುಂಗಡವಾಗಿ ಪಡೆಯುವುದು ಉಚಿತ.

ನೆಗೆಟಿವ್ ಯಾರಲ್ಲಿ ಉಳಿಯಬೇಕೆಂಬುದು ಹೆಚ್ಚಿನವರು ಮರೆಯುವ ಅಂಶ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ. ಆ ಚಿತ್ರವನ್ನು ತನ್ನ ಪ್ರಚಾರಕ್ಕೆ ಬಳಸಬೇಕೆನ್ನುವ, ಮರುಮುದ್ರಣದಿಂದ ಮುಂದೆ ಆದಾಯ ನಿರೀಕ್ಷಿಸುವ ಛಾಯಾಗ್ರಾಹಕ ಅದನ್ನು ಒಂದು ಪುಟದಲ್ಲಾದರೂ ಬರೆದು ಸಹಿ ಪಡೆಯಬೇಕು.

ಫಿಲ್ಮ್‌ನಲ್ಲಿ ಚಿತ್ರ ಬಂದಿದೆಯೋ ಇಲ್ಲವೋ ತಿಳಿಯಲು ರೀಲು ತೊಳೆದು ಬರುವವರೆಗೆ ಕಾಯಬೇಕು. ತೊಂಬತ್ತರ ಅಜ್ಜಿಯನ್ನು ಮತ್ತೊಮ್ಮೆ ಸೀರೆಯುಡಿಸಿ ಕೂರಿಸುವ ಅವಕಾಶ ಸಿಗದೇ ಹೋಗಬಹುದು. ಹಾಗಾಗಿ ಲಿವರ್ ಎಳೆದಾಗ ರಿವೈಂಡ್ ಗುಬುಟು ತಿರುಗುತ್ತಿದೆಯೇ ಎಂದು ನೋಡುವುದು, ಮುಖ್ಯ ಗುಂಪುಚಿತ್ರವನ್ನು ಎರಡು ಬೇರೆ ರೀಲುಗಳಲ್ಲಿ ತೆಗೆಯುವುದು, ಆ ರೀಲುಗಳನ್ನು ಲ್ಯಾಬಿಗೆ ಒಂದೇ ದಿನ ಕಳುಹಿಸದಿರುವುದು ಅಗತ್ಯ. ಡಿಜಿಟಲ್‌ನಲ್ಲಿಯೂ ನಾಲ್ಕು ಚಿತ್ರ ತೆಗೆದಿಟ್ಟುಕೊಂಡರೆ ನಷ್ಟವೇನಿಲ್ಲ. ರೀಲು ಕೆಟ್ಟರೆ ಮುಂಗಡ ಮರಳಿಸುವುದೋ, ಉಚಿತವಾಗಿ ಮತ್ತೆ ತೆಗೆಯುವುದೋ ಎಂಬುದು ಅದೇ ಒಪ್ಪಂದದ ಪುಟದಲ್ಲಿರಲಿ. ಚಿತ್ರ ತೆಗೆಯುವ ದಿನ ಹಿರಿಯರ ಸರದಿ ಮೊದಲು. ಅವರು ದಣಿದ ಮೇಲೆ ಯಾವ ಫಿಲ್ಮ್ ಹಾಕಿದರೂ ಒಂದೇ.