ಅದರ ಕ್ರ್ಯಾಂಕ್ ಇದಕ್ಕೆ: ಮಲೆನಾಡಿನ ಜೀಪ್ ಎಂಜಿನ್ನುಗಳ ಒಳಗುಟ್ಟು

ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿ ಬರುವ ಹಳೆಯ ಜೀಪಿನ ಬಾನೆಟ್ಟಿನ ಮೇಲೆ ಯಾವ ಹೆಸರಾದರೂ ಇರಲಿ, ಒಳಗಿನ ಕ್ರ್ಯಾಂಕ್, ಪಿಸ್ಟನ್‌ಗಳು ಅದೇ ಗಾಡಿಯೊಂದಿಗೆ ಬಂದವು ಎಂದು ಆಣೆ ಮಾಡಲಾಗದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು. ಬಿಡಿಭಾಗ ಬೇಕೆಂದರೆ ತೀರ್ಥಹಳ್ಳಿಗೆ ಹೋಗಬೇಕು, ಅಲ್ಲೂ ಸಿಗದಿದ್ದರೆ ಶಿವಮೊಗ್ಗಕ್ಕೆ. ಒಂದು ಎಂಜಿನ್ನಿನ ಒಳಭಾಗವನ್ನು ಅದರ ದಾಯಾದಿ ಎಂಜಿನ್ನಿಗೆ ಕೂರಿಸುವ ವಿದ್ಯೆ ಇಂಥ ಕಡೆ ಅನಿವಾರ್ಯದಿಂದಲೇ ಬೆಳೆಯುತ್ತದೆ.

ಈ ದಾಯಾದಿತನ ವಿಲ್ಲಿಸ್ ಕಂಪನಿಯ ಜೀಪಿನಿಂದ ಶುರು. ಎರಡನೇ ಮಹಾಯುದ್ಧದ ಜೀಪಿನ 2199 ಸಿಸಿ ಪೆಟ್ರೋಲ್ ಎಂಜಿನ್ 60 ಅಶ್ವಶಕ್ತಿಯದು. ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇದ್ದವು. 1950ರ ದಶಕದ ಹರಿಕೇನ್ ಎಂಜಿನ್ ಇನ್‌ಲೆಟ್ ವಾಲ್ವನ್ನು ಮಾತ್ರ ಹೆಡ್ಡಿಗೆ ಏರಿಸಿತು. ಹೆಡ್ ಎತ್ತರವಾದ್ದಕ್ಕೇ ಸಿಜೆ-3ಬಿ ಜೀಪಿಗೆ ಆ ಎತ್ತರದ ಬಾನೆಟ್ ಬಂತು. ಮಹೀಂದ್ರ ಕಂಪನಿ ಭಾರತದಲ್ಲಿ ದಶಕಗಟ್ಟಲೆ ತಯಾರಿಸಿದ್ದು ಆ ಜೀಪನ್ನೇ. ಎರಡೂ ಎಂಜಿನ್ನುಗಳ ಬೋರ್ 79.4 ಮಿ.ಮೀ., ಸ್ಟ್ರೋಕ್ 111.1 ಮಿ.ಮೀ. ಹಾಗಾಗಿ ಕ್ರ್ಯಾಂಕ್, ಕನೆಕ್ಟಿಂಗ್ ರಾಡ್ ಅದರದ್ದು ಇದಕ್ಕೆ ಹೊಂದುವ ಸಂಭವ ಹೆಚ್ಚು.

ಕ್ಯಾಮ್‌ಶಾಫ್ಟ್ ಮಾತ್ರ ಹಾಗಲ್ಲ. ಯುದ್ಧಕಾಲದ ಎಂಜಿನ್ನಿನಲ್ಲಿ ಕ್ಯಾಮನ್ನು ತಿರುಗಿಸುವುದು ಚೈನು. 1946ರ ಸುಮಾರಿಗೆ ಅದರ ಜಾಗಕ್ಕೆ ಗೇರ್ ಬಂತು. ಚೈನಿದ್ದರೆ ಕ್ಯಾಮ್ ಕ್ರ್ಯಾಂಕಿನ ದಿಕ್ಕಿಗೇ ತಿರುಗುತ್ತದೆ, ಗೇರಿದ್ದರೆ ಎದುರು ದಿಕ್ಕಿಗೆ. ಡಿಸ್ಟ್ರಿಬ್ಯೂಟರ್ ತಿರುಗುವುದು ಆಯಿಲ್ ಪಂಪಿನ ಮೂಲಕ, ಆದ್ದರಿಂದ ಪಂಪೂ ಬೇರೆ. ಮೇಜಿನ ಮೇಲಿಟ್ಟು ನೋಡಿದರೆ ಅಣ್ಣತಮ್ಮಂದಿರಂತೆ ಕಾಣುವ ಭಾಗಗಳಿವು. ತಿಳಿಯದೆ ಬೆರೆಸಿದರೆ ಎಂಜಿನ್ ಸ್ಟಾರ್ಟೇ ಆಗದು. ಈ ವಿದ್ಯೆಯ ಅತ್ಯಂತ ಸೂಕ್ಷ್ಮ ಜಾಗ ಇದೆಂದು ನನಗನಿಸುತ್ತದೆ.

1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪ್ ಸಾಕುವುದು ತೋಟದವರಿಗೂ ಭಾರವಾಯಿತು. ಆಗ ಜೀಪಿಗೆ ಬಂದದ್ದು ಟ್ರ್ಯಾಕ್ಟರಿನ ಎಂಜಿನ್. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ಮೂಲದಿಂದ ಮಹೀಂದ್ರ ಎಂಡಿ-2350 ಡೀಸೆಲ್ ಹುಟ್ಟಿತು. ಗದ್ದೆಯ ಗಾಡಿಗೂ ಘಾಟಿಯ ಗಾಡಿಗೂ ನೆಂಟಸ್ತಿಕೆ ಬೆಳೆದದ್ದು ಹೀಗೆ. ಟ್ರ್ಯಾಕ್ಟರ್ ಸಾಮಾನು ಸಿಗುವ ಅಂಗಡಿಯಲ್ಲೇ ಜೀಪಿನ ಮದ್ದೂ ಸಿಗುವಂತಾದದ್ದು ಸಣ್ಣ ಅನುಕೂಲವಲ್ಲ. ಮುಂದೆ ಬಂದ 2523 ಸಿಸಿಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಎಂಜಿನ್ನಿನ ಸ್ಟ್ರೋಕ್ ಸಹ ಹಳೆಯ 101.6 ಮಿ.ಮೀ.ಯೇ, ಬೋರ್ ಮಾತ್ರ 85.7ರಿಂದ 88.9ಕ್ಕೆ ಹಿಗ್ಗಿದೆ. ಸ್ಟ್ರೋಕ್ ಒಂದೇ ಎಂದು, ಬೋರ್ ಹಿಗ್ಗಿಸಿಕೊಂಡರೂ ಪಿಸ್ಟನ್ ಬದಲಿಸಲಾಗದು: ಡಿಐನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ತಲೆಯ ಕುಳಿಯಲ್ಲಿ ಉರಿಯುತ್ತದೆ, ಆ ಪಿಸ್ಟನ್ನಿಗೆ ಅದರದೇ ಹೆಡ್ ಬೇಕು. ನಡುವೆ ಜೀಪಿಗೆ ಬಂದ ಪ್ಯೂಜೊ 2112 ಸಿಸಿ ಎಂಜಿನ್ನಿನ ಬೋರ್ 90, ಸ್ಟ್ರೋಕ್ 83. ಅದರ ವಂಶವೇ ಬೇರೆ.

ಇಂಥ ದಾಯಾದಿತನ ಜೀಪಿಗಷ್ಟೇ ಸೀಮಿತವಲ್ಲ. ಅಂಬಾಸಿಡರ್ ಕಾರಿನ ದಾಯಾದಿಗಳು ಕಡಲಾಚೆಗೂ ಇದ್ದಾರೆ. ಅದರ 1489 ಸಿಸಿ ಬಿಎಂಸಿ ಪೆಟ್ರೋಲ್ ಎಂಜಿನ್ನಿನ ಅಳತೆಯೇ ಬ್ರಿಟನ್ನಿನ ಎಂಜಿಎ ಸ್ಪೋರ್ಟ್ಸ್ ಕಾರಿನ ಮೊದಲ ಎಂಜಿನ್ನಿಗೂ ಇತ್ತು. ಅಂಬಾಸಿಡರ್ ಡೀಸೆಲ್ ಕೂಡ 1489 ಸಿಸಿಯೇ, ಆದರೆ ಅದರ ಕಂಪ್ರೆಶನ್ ಪೆಟ್ರೋಲಿನ ಎರಡು ಪಟ್ಟಿಗೂ ಜಾಸ್ತಿ. ಪೆಟ್ರೋಲ್ ಪಿಸ್ಟನ್ ಅಲ್ಲಿ ಬಾಳದು.

ಅಳತೆ ಹೊಂದಿದರೂ ಕೆಲಸ ಮುಗಿಯುವುದಿಲ್ಲ. ಸವೆದ ಕ್ರ್ಯಾಂಕನ್ನು ಗ್ರೈಂಡ್ ಮಾಡಿಸಿದ್ದರೆ ಹತ್ತೋ ಇಪ್ಪತ್ತೋ (ಇಂಚಿನ ಸಾವಿರದ ಭಾಗಗಳ ಲೆಕ್ಕದಲ್ಲಿ) ಅಂಡರ್‌ಸೈಜಿನ ಬೇರಿಂಗೇ ಬೇಕು. ನಾಲ್ಕು ಪಿಸ್ಟನ್, ನಾಲ್ಕು ರಾಡುಗಳ ತೂಕ ಸರಿಸಮ ಇರಬೇಕು. ಬೇರೆ ಬೇರೆ ಗಾಡಿಯಿಂದ ತಂದು ತೂಗದೆ ಹಾಕಿದರೆ ಎಂಜಿನ್ ನಡುಗುತ್ತದೆ. ಮೈಕ್ರೋಮೀಟರ್, ತಕ್ಕಡಿ ಬಳಸದೆ ಕೈಯಳತೆಯಲ್ಲೇ ಕೂರಿಸುವುದನ್ನು ನಾನು ಕೌಶಲವೆಂದು ಒಪ್ಪಲಾರೆ.

ಈಗ ಕಾನೂನೂ ಈ ಲೆಕ್ಕಕ್ಕೆ ಬಂದಿದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಪೆಟ್ರೋಲ್ ಜೀಪಿಗೆ ಟ್ರ್ಯಾಕ್ಟರಿನ ಡೀಸೆಲ್ ಕೂರಿಸಿದ್ದರೆ ಅದು ಮಾರ್ಪಾಡೇ, ಅನುಮಾನವಿಲ್ಲ. ಹರಿಕೇನ್ ಬ್ಲಾಕಿನೊಳಗೆ ಯುದ್ಧಕಾಲದ ಜೀಪಿನ ರಾಡ್ ಇದ್ದರೆ ಅದನ್ನು ರಿಪೇರಿ ಎಂದೇ ಎಣಿಸಬೇಕೆಂಬುದು ನನ್ನ ವಾದ. ಅದಕ್ಕೆ ಯಾವ ಭಾಗ, ಯಾವ ಎಂಜಿನ್ನಿನದು, ಎಷ್ಟು ಅಳತೆಯದು ಎಂಬ ಬರಹ ಬೇಕು. ಮಲೆನಾಡಿನ ಗ್ಯಾರೇಜುಗಳಲ್ಲಿ ಈ ಲೆಕ್ಕ ಹೆಚ್ಚಾಗಿ ಮೇಸ್ತ್ರಿಗಳ ನೆನಪಿನಲ್ಲೇ ಉಳಿದಿದೆ. ಎಂಜಿನ್ ಬಿಚ್ಚಿದ ದಿನವೇ ಅದನ್ನು ಗಾಡಿಯ ಫೈಲಿನಲ್ಲಿ ಬರೆದಿಡುವುದು ಮಾಲೀಕರ ಕೆಲಸ.