ಗರಗಸದಿಂದ ಮೊದಲಾದ ಓದು

ನಮ್ಮ ಕಾಲದಲ್ಲಿ ಒಂದನೆಯ ತರಗತಿಯೆಂದರೆ ವರ್ಣಮಾಲೆಯ ಬಾಯಿಪಾಠ, ಬಳಿಕ ಕಾಗುಣಿತ. ಪದಗಳ ಸರದಿ ಕೊನೆಗೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ, ಯುನಿಸೆಫ್ ನೆರವಿನೊಡನೆ ಆರಂಭವಾದ ‘ನಲಿ-ಕಲಿ’ ಈ ಕ್ರಮವನ್ನು ಬದಲಿಸಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಇಷ್ಟರಿಂದಲೇ ಮಗು ಸರ, ಅರಸ, ಅಗಸ, ಗರಗಸ ಎಂದು ಓದಬಲ್ಲುದು.

ಎಂಟನೆಯ ತರಗತಿಯಲ್ಲೂ ಓದಲು ತಡವರಿಸುತ್ತಿದ್ದ ಹುಡುಗನೊಬ್ಬನನ್ನು ನಾನು ಸೋಮಾರಿಯೆಂದು ಗದರಿಸಿದ್ದುಂಟು. ವರ್ಣಮಾಲೆಯನ್ನು ಅವನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಅಕ್ಷರಗಳನ್ನು ಕೂಡಿಸಿ ಓದುವುದನ್ನು ಯಾರೂ ಕಲಿಸಿರಲಿಲ್ಲ. ನಾನೂ ಕಲಿಸಲಿಲ್ಲ. ಆ ಕೊರಗು ಇಂದಿಗೂ ಉಳಿದಿದೆ.

ಈಗ ಶಿಕ್ಷಕರಾಗಿರುವ ನನ್ನ ಶಿಷ್ಯರಲ್ಲಿ ಒಂದೇ ವಿನಂತಿ: ಗದರುವ ಮುನ್ನ ಮಗುವಿನ ಪಕ್ಕದಲ್ಲಿ ಕುಳಿತು ಒಂದು ಪದ ಓದಿಸಿರಿ.